ಗಂಜಿನ ಕಚೇರಿಗೆ ಆಂಟಿವೈರಸ್: ಎಚ್ಚರಿಕೆ ಯಾರ ಕಣ್ಣಿಗೆ ಬೀಳುತ್ತದೆ?

ರಾಯಚೂರಿನ ರಾಜೇಂದ್ರ ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಅಡತಿ ಅಂಗಡಿಗಳಿರಲಿ, ಊರ ಹೊರಗಿನ ಜಿನ್ನಿಂಗ್ ಮಿಲ್ಲುಗಳಿರಲಿ, ಸಿಂಧನೂರು, ಗಂಗಾವತಿ ಕಡೆಯ ರೈಸ್ ಮಿಲ್ಲುಗಳಿರಲಿ, ಇಂದು ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ, ಜಿಎಸ್‌ಟಿ ರಿಟರ್ನ್, ಸರಕು ಸಾಗಣೆಯ ಇ-ವೇ ಬಿಲ್ ಮತ್ತು ಬ್ಯಾಂಕಿನ ಆನ್‌ಲೈನ್ ವ್ಯವಹಾರ ಇಲ್ಲದೆ ಅಲ್ಲಿ ಒಂದು ದಿನವೂ ಕೆಲಸ ಸಾಗುವುದಿಲ್ಲ. ಹತ್ತಿಯ ಸೀಸನ್ನಿನಲ್ಲಿ ಇ-ವೇ ಬಿಲ್ ತೆಗೆಯುವ ಕಂಪ್ಯೂಟರ್ ಅರ್ಧ ಗಂಟೆ ಕೈಕೊಟ್ಟರೆ ಬೇಲು ತುಂಬಿದ ಲಾರಿ ಗೇಟಿನಲ್ಲೇ ನಿಂತುಬಿಡುತ್ತದೆ. ಇಷ್ಟಾದರೂ ಆಂಟಿವೈರಸ್ ಕೊಳ್ಳುವಾಗ ಮಾತ್ರ ನಮ್ಮಲ್ಲಿ ಹೆಚ್ಚು ವಿಚಾರಣೆ ನಡೆಯುವುದಿಲ್ಲ. ಯಂತ್ರದ ಒಂದು ಬೆಲ್ಟಿಗೆ ನಾಲ್ಕು ಅಂಗಡಿ ತಿರುಗಿ ದರ ಕೇಳುವ ಸಾಹುಕಾರರು ಆಂಟಿವೈರಸ್ ಎಂದರೆ ಕಂಪ್ಯೂಟರ್ ಅಂಗಡಿಯವರು ಕೊಟ್ಟ ಡಬ್ಬಿಯನ್ನು ಹಾಗೆಯೇ ತೆಗೆದುಕೊಂಡು ಬರುತ್ತಾರೆ.

ನಾನು ಒಂದು ಜಿನ್ನಿಂಗ್ ಮಿಲ್ಲಿನ ಲೆಕ್ಕಪತ್ರದ ಜೊತೆಗೆ ಅಲ್ಲಿನ ಕಂಪ್ಯೂಟರುಗಳ ಜವಾಬ್ದಾರಿಯನ್ನೂ ನೋಡಿಕೊಳ್ಳುತ್ತೇನೆ. ಕಚೇರಿಯಲ್ಲಿ ಕೆಲವು ಸಾಧಾರಣ ಕಂಪ್ಯೂಟರುಗಳು, ಟ್ಯಾಲಿಯ ದತ್ತಾಂಶ ಇರುವ ಒಂದು ಸರ್ವರ್ ಮತ್ತು ಲಾರಿ ತೂಗುವ ಕಾಟಾಕ್ಕೆ ಜೋಡಿಸಿದ ಒಂದು ಹಳೆಯ ಯಂತ್ರ ಇವೆ. ಪರವಾನಗಿ ಮುಗಿದಾಗ ಹೊಸದಾಗಿ ಆಯ್ಕೆ ಮಾಡಬೇಕಾಗಿ ಬಂದದ್ದರಿಂದ ವಿಂಡೋಸ್‌ನೊಂದಿಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್, ಪುಣೆಯ ಕ್ವಿಕ್ ಹೀಲ್ ಸಂಸ್ಥೆಯ ಮನೆಬಳಕೆಯ ಆವೃತ್ತಿ ಮತ್ತು ಅದೇ ಸಂಸ್ಥೆ ವ್ಯಾಪಾರಸ್ಥರಿಗೆಂದು ಸೆಕ್ರೈಟ್ ಹೆಸರಿನಲ್ಲಿ ಮಾರುವ ತಂತ್ರಾಂಶ, ಚೆನ್ನೈನ ಕೆ7 ಸಂಸ್ಥೆಯ ವ್ಯಾಪಾರಿ ಆವೃತ್ತಿ, ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಈ ವಿಮರ್ಶೆ ಐದರಿಂದ ಇಪ್ಪತ್ತೈದು ಕಂಪ್ಯೂಟರುಗಳಿರುವ, ಕಂಪ್ಯೂಟರಿಗೆಂದೇ ಪ್ರತ್ಯೇಕ ನೌಕರರಿಲ್ಲದ ಕಚೇರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲಿಗೆ, ಎಲ್ಲರೂ ಕೇಳುವ ಪ್ರಶ್ನೆ: ಯಾವುದು ಹೆಚ್ಚು ವೈರಸ್ ಹಿಡಿಯುತ್ತದೆ? ಇದಕ್ಕೆ ಉತ್ತರ ಕೊಡುವ ಸ್ವತಂತ್ರ ಪ್ರಯೋಗಾಲಯಗಳಿವೆ. ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿರುವ ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಯ ಸೌಲಭ್ಯ ಎಂಬ ಮೂರು ಬಾಬತ್ತುಗಳಿಗೆ ತಲಾ 6ರಂತೆ ಒಟ್ಟು 18 ಅಂಕಗಳಿಗೆ ಪರೀಕ್ಷೆ ಮಾಡುತ್ತದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರಟಿವ್ಸ್ ಕೂಡ ಇದೇ ಬಗೆಯ ಕೆಲಸ ಮಾಡುತ್ತದೆ. ಇವುಗಳ ವರದಿಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕೆಲವು ವರದಿಗಳನ್ನು ಸಾಲಾಗಿ ಓದಿದರೆ, ಹೆಸರುವಾಸಿ ತಂತ್ರಾಂಶಗಳ ನಡುವಿನ ಅಂತರ ಬಹಳ ಕಿರಿದು ಎಂಬುದು ತಿಳಿಯುತ್ತದೆ. ಡಿಫೆಂಡರ್ ಈಗ ಮೇಲಿನ ಸಾಲಿನಲ್ಲೇ ನಿಲ್ಲುತ್ತದೆ. "ವಿಂಡೋಸಿನದ್ದು ಏನೂ ಉಪಯೋಗವಿಲ್ಲ ಸರ್" ಎಂದು ಅಂಗಡಿಯವರು ಇಂದಿಗೂ ಹೇಳುವುದಕ್ಕೆ ಹಿನ್ನೆಲೆ ಇಲ್ಲದಿಲ್ಲ. 2012ರಲ್ಲಿ ಡಿಫೆಂಡರಿನ ಹಿಂದಿನ ರೂಪವಾದ ಸೆಕ್ಯುರಿಟಿ ಎಸೆನ್ಷಿಯಲ್ಸ್ ಎವಿ-ಟೆಸ್ಟ್‌ನ ಪ್ರಮಾಣಪತ್ರವನ್ನೇ ಕಳೆದುಕೊಂಡಿತ್ತು. ಆ ಕಾಲದ ಮಾತು ಮಾರಾಟದ ಮಾತಾಗಿ ಹಾಗೆಯೇ ಉಳಿದಿದೆ, ಅಷ್ಟೆ.

ಪ್ರಯೋಗಾಲಯದ ಅಂಕಗಳಿಗೂ ಒಂದು ಮಿತಿ ಇದೆ. ಅಲ್ಲಿ ಪರೀಕ್ಷೆಗೊಳಗಾಗುವ ಕಂಪ್ಯೂಟರಿನ ವಿಂಡೋಸ್ ಹೊಸದಾಗಿರುತ್ತದೆ, ಅಂತರ್ಜಾಲ ಸದಾ ಚಾಲೂ ಇರುತ್ತದೆ. ಇಂದಿನ ಆಂಟಿವೈರಸ್‌ಗಳು ಅನುಮಾನ ಬಂದ ಕಡತದ ಗುರುತನ್ನು ಕಂಪನಿಯ ದೂರದ ಸರ್ವರಿಗೆ ಕಳಿಸಿ, ಅಲ್ಲಿಂದ ಬಂದ ಉತ್ತರದ ಮೇಲೆ ತೀರ್ಮಾನ ಮಾಡುತ್ತವೆ. ಕರೆಂಟ್ ಹೋಗಿ ರೂಟರ್ ಆರಿದ ಹೊತ್ತಿನಲ್ಲಿ, ಯುಪಿಎಸ್ ಮೇಲೆ ಕಂಪ್ಯೂಟರ್ ಒಂದೇ ನಡೆಯುತ್ತಿರುವಾಗ, ಯಾರಾದರೂ ಪೆನ್‌ಡ್ರೈವ್ ಹಾಕಿದರೆ ಆ ಸಹಾಯ ಸಿಗುವುದಿಲ್ಲ. ಹೀಗಾಗಿ ಅಂತರ್ಜಾಲವಿಲ್ಲದಾಗಿನ ಪತ್ತೆಯ ಪ್ರಮಾಣವನ್ನು ಬೇರೆಯಾಗಿ ತೋರಿಸುವ ವರದಿಗಳನ್ನು ನಮ್ಮ ಕಡೆಯವರು ವಿಶೇಷವಾಗಿ ನೋಡಬೇಕು. ಎವಿ-ಕಂಪ್ಯಾರಟಿವ್ಸ್ ಅದನ್ನು ಪ್ರತ್ಯೇಕ ಅಂಕಣದಲ್ಲಿ ಪ್ರಕಟಿಸುತ್ತದೆ.

ಕದ್ದು ನೋಡುವ ತಂತ್ರಾಂಶಗಳನ್ನು ಹಿಡಿಯಲು ಆಂಟಿಸ್ಪೈವೇರ್ ಎಂಬ ಬೇರೆ ವಸ್ತುವನ್ನು ಕೊಳ್ಳುವ ಕಾಲ ಮುಗಿಯಿತು. ಈ ಶತಮಾನದ ಮೊದಲ ದಶಕದಲ್ಲಿ ಆಂಟಿವೈರಸ್ ಒಂದಿದ್ದರೆ ಅದರ ಪಕ್ಕದಲ್ಲಿ ಸ್ಪೈಬಾಟ್ ಅಥವಾ ಆಡ್-ಅವೇರ್ ಎಂಬ ಆಂಟಿಸ್ಪೈವೇರ್ ಇರಲೇಬೇಕಿತ್ತು. ಮೈಕ್ರೋಸಾಫ್ಟ್ 2004ರಲ್ಲಿ ಜೈಂಟ್ ಎಂಬ ಕಂಪನಿಯನ್ನು ಕೊಂಡು, ಅದರ ಆಂಟಿಸ್ಪೈವೇರ್ ತಂತ್ರಾಂಶವನ್ನೇ ಡಿಫೆಂಡರ್ ಆಗಿ ಬೆಳೆಸಿತು. ಈಗ ಎರಡೂ ಕೆಲಸಗಳು ಒಂದೇ ಪೊಟ್ಟಣದಲ್ಲಿ ಬರುತ್ತವೆ. ಆದರೆ ಕದ್ದು ನೋಡುವ ತಂತ್ರಾಂಶಗಳು ಹೋಗಿಲ್ಲ, ವೇಷ ಬದಲಿಸಿವೆ: ಉಚಿತ ಪಿಡಿಎಫ್ ಪರಿವರ್ತಕದ ಜೊತೆ ನುಸುಳುವ ಬ್ರೌಸರ್ ವಿಸ್ತರಣೆಗಳು, ಕ್ರ್ಯಾಕ್ ಮಾಡಿದ ಡಿಸೈನ್ ತಂತ್ರಾಂಶದೊಳಗಿದ್ದು ನಾವು ಒತ್ತುವ ಕೀಲಿಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಕೀಲಾಗರ್‌ಗಳು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಒಮ್ಮೆಗೇ ಬಳಿದುಕೊಂಡು ಹೋಗುವ ಕಳ್ಳ ತಂತ್ರಾಂಶಗಳು. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಲೇಬಲ್ ಮತ್ತು ಕಸೂತಿ ವಿನ್ಯಾಸಕ್ಕೆ ಬಳಸುವ ಕಂಪ್ಯೂಟರ್ ಇದ್ದರೆ ಅದನ್ನು ಬ್ಯಾಂಕಿನ ವ್ಯವಹಾರಕ್ಕೆ ಮುಟ್ಟಬಾರದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಕ್ರ್ಯಾಕ್ ಹಾಕುವವರು ಮಾಡುವ ಮೊದಲ ಕೆಲಸವೇ ಆಂಟಿವೈರಸ್ ಬಂದ್ ಮಾಡುವುದು. ಆಮೇಲೆ ಅದನ್ನು ಮತ್ತೆ ಹಚ್ಚುವ ನೆನಪು ಯಾರಿಗೂ ಇರುವುದಿಲ್ಲ.

ಕಾವಲಿನವನೇ ಕದ್ದ ಪ್ರಸಂಗವೂ ಒಂದಿದೆ. ಅವಾಸ್ಟ್ ತನ್ನ ಬಳಕೆದಾರರು ಜಾಲದಲ್ಲಿ ಏನೇನು ನೋಡಿದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು 2020ರ ಜನವರಿಯಲ್ಲಿ ಬಯಲಾಗಿ, ಆ ಅಂಗಸಂಸ್ಥೆಯನ್ನು ಮುಚ್ಚಬೇಕಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕಾಗಿ ಅದರಿಂದ 1 ಕೋಟಿ 65 ಲಕ್ಷ ಡಾಲರ್ ಕಕ್ಕಿಸಿತು. ಉಚಿತ ಆಂಟಿವೈರಸ್‌ಗಳನ್ನು ನಾನು ಈ ಹೋಲಿಕೆಯಿಂದ ಕೈಬಿಟ್ಟದ್ದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ಇನ್ನೂ ಸರಳವಾದದ್ದು: ಅವಾಸ್ಟ್‌ನ ಉಚಿತ ಆವೃತ್ತಿ ಇರುವುದೇ ಮನೆಬಳಕೆಗೆ, ವ್ಯಾಪಾರದ ಕಚೇರಿಯಲ್ಲಿ ಅದನ್ನು ಬಳಸಲು ಪರವಾನಗಿ ಇಲ್ಲ. ಈ ಬಗೆಯ ಹೆಚ್ಚಿನ ಉಚಿತ ತಂತ್ರಾಂಶಗಳ ಕರಾರಿನಲ್ಲಿ ಇದೇ ಮಾತಿರುತ್ತದೆ.

ಹಿಡಿಯುವ ಶಕ್ತಿಯಲ್ಲಿ ಎಲ್ಲವೂ ಹತ್ತಿರಹತ್ತಿರ ಇದ್ದಾಗ ಹಣ ಕೊಡುವುದು ಯಾವುದಕ್ಕೆ ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ತೀರ್ಮಾನದಲ್ಲಿ ವ್ಯಾಪಾರಿ ಆವೃತ್ತಿಯ ಬೆಲೆಯ ಬಹುಪಾಲು ಒಂದೇ ವಿಷಯಕ್ಕೆ ಸಲ್ಲುತ್ತದೆ: ಅಪಾಯದ ಎಚ್ಚರಿಕೆ ಯಾರಿಗೆ ಮುಟ್ಟುತ್ತದೆ ಎಂಬುದಕ್ಕೆ. ನಮ್ಮ ಕಚೇರಿಗಳಲ್ಲಿ ನಿತ್ಯ ನಡೆಯುವ ಒಂದು ಸಂಗತಿಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಗುಮಾಸ್ತರು ಒಂದು ಪತ್ರವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬ್ಯಾಂಕಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸುತ್ತಾರೆ. ಕಚೇರಿಗೆ ಮರಳಿ ಅದೇ ಪೆನ್‌ಡ್ರೈವ್ ಹಾಕಿ ತೆರೆದರೆ ಒಳಗಿದ್ದ ಫೋಲ್ಡರುಗಳು ಕಾಣುವುದಿಲ್ಲ. ಅವುಗಳ ಜಾಗದಲ್ಲಿ ಪೆನ್‌ಡ್ರೈವಿನದೇ ಹೆಸರು ಹೊತ್ತ, ಎಡಮೂಲೆಯಲ್ಲಿ ಸಣ್ಣ ಬಾಣದ ಗುರುತಿರುವ ಒಂದು ಶಾರ್ಟ್‌ಕಟ್ ಮಾತ್ರ ಇರುತ್ತದೆ. ಅದರ ಮೇಲೆ ಎರಡು ಸಲ ಒತ್ತಿದರೆ ಹಳೆಯ ಫೋಲ್ಡರುಗಳು ತೆರೆದುಕೊಳ್ಳುತ್ತವೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಫೋಲ್ಡರ್ ತೆರೆಯುವ ಮೊದಲು ಆ ಶಾರ್ಟ್‌ಕಟ್ ಇನ್ನೊಂದು ಅಡಗಿಸಿಟ್ಟ ಕಾರ್ಯಕ್ರಮವನ್ನೂ ಓಡಿಸಿರುತ್ತದೆ. ಒಳ್ಳೆಯ ಆಂಟಿವೈರಸ್ ಇದ್ದರೆ ಒತ್ತುವ ಮೊದಲೇ ಶಾರ್ಟ್‌ಕಟ್ಟನ್ನು ಅಳಿಸಿಹಾಕುತ್ತದೆ. ತೊಂದರೆ ಶುರುವಾಗುವುದು ಇಲ್ಲಿಂದ. ನಿಜವಾದ ಕಡತಗಳನ್ನು ವೈರಸ್ ಹೆಸರಿಲ್ಲದ ಒಂದು ಅದೃಶ್ಯ ಫೋಲ್ಡರಿನೊಳಗೆ ಸರಿಸಿಟ್ಟಿರುತ್ತದೆ. ಶಾರ್ಟ್‌ಕಟ್ ಹೋದ ಮೇಲೆ ಪೆನ್‌ಡ್ರೈವ್ ಪೂರ್ತಿ ಖಾಲಿ ಕಾಣುತ್ತದೆ. ಪರದೆಯ ಬಲಮೂಲೆಯಲ್ಲಿ ಇಂಗ್ಲಿಷಿನಲ್ಲಿ ಬಂದ ಎಚ್ಚರಿಕೆಯನ್ನು ಗುಮಾಸ್ತರು ಓದದೆ ಮುಚ್ಚುತ್ತಾರೆ, "ಆಂಟಿವೈರಸ್ ನಮ್ಮ ಫೈಲೆಲ್ಲ ತಿಂದುಬಿಟ್ಟಿತು" ಎಂದು ತಿಳಿಯುತ್ತಾರೆ, ಮುಂದಿನ ಸಲ ಪೆನ್‌ಡ್ರೈವ್ ಹಾಕುವ ಮೊದಲು ಆಂಟಿವೈರಸ್ಸನ್ನು ತಾವೇ ಆರಿಸಿಬಿಡುತ್ತಾರೆ. ಅವರ ತಪ್ಪೇನೂ ಇಲ್ಲ. ಅವರಿಗೆ ಬೇಕಾದದ್ದು ಆ ಪತ್ರ. ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು, ಅದರ ಜೊತೆಗೆ ಸಿಸ್ಟಂ ಕಡತಗಳನ್ನು ಮರೆಮಾಡುವ ಗುರುತನ್ನು, ಎರಡನ್ನೂ ಬದಲಿಸಿದರೆ ಎಲ್ಲವೂ ಸಿಗುತ್ತದೆ ಎಂದು ಹೇಳುವವರು ಆ ಹೊತ್ತಿಗೆ ಪಕ್ಕದಲ್ಲಿರಬೇಕು.

ಮನೆಬಳಕೆಯ ಆವೃತ್ತಿಯಲ್ಲಿ ಈ ಸಂಗತಿ ಆ ಒಂದು ಪರದೆಯ ಮೇಲೆ ಹುಟ್ಟಿ ಅಲ್ಲೇ ಮುಗಿಯುತ್ತದೆ. ವ್ಯಾಪಾರಿ ಆವೃತ್ತಿಯಲ್ಲಿ ಕನ್ಸೋಲ್ ಎಂಬ ಒಂದು ಕೇಂದ್ರ ಪುಟವಿದ್ದು, ಯಾವ ಕಂಪ್ಯೂಟರಿನಲ್ಲಿ ಏನು ಸಿಕ್ಕಿತು, ಯಾವುದರ ಅಪ್‌ಡೇಟ್ ನಿಂತಿದೆ, ಯಾರು ರಕ್ಷಣೆಯನ್ನು ಬಂದ್ ಮಾಡಿದ್ದಾರೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ ಮತ್ತು ಹೊಣೆ ಹೊತ್ತವರ ಇಮೇಲಿಗೂ ಬರುತ್ತದೆ. ಪಾಸ್‌ವರ್ಡ್ ಇಲ್ಲದೆ ಯಾರೂ ತಂತ್ರಾಂಶವನ್ನು ಬಂದ್ ಮಾಡುವಂತಿಲ್ಲ, ತೆಗೆಯುವಂತಿಲ್ಲ. ಪೆನ್‌ಡ್ರೈವುಗಳ ವಿಚಾರದಲ್ಲಿ ಕಚೇರಿಯ ನಾಲ್ಕಕ್ಕೆ ಮಾತ್ರ ಅನುಮತಿ ಕೊಟ್ಟು ಉಳಿದವನ್ನೆಲ್ಲ ತಡೆಯಬಹುದು, ಅಥವಾ ಓದಬಹುದು ಆದರೆ ಬರೆಯಬಾರದು ಎಂದು ನಿಯಮ ಹಾಕಬಹುದು. ಜೆರಾಕ್ಸ್ ಅಂಗಡಿಗಳೇ ಮುದ್ರಣಾಲಯವಾಗಿರುವ ನಮ್ಮಂಥ ಊರುಗಳಲ್ಲಿ ಈ ಒಂದು ಸೌಲಭ್ಯಕ್ಕಾಗಿಯೇ ಹಣ ಕೊಡಬಹುದು ಎಂದು ನನ್ನ ಅಭಿಪ್ರಾಯ.

ಈ ದೃಷ್ಟಿಯಿಂದ ಒಂದೊಂದನ್ನೇ ನೋಡುವುದಾದರೆ, ಡಿಫೆಂಡರಿನ ದೊಡ್ಡ ಗುಣ ಅದು ಈಗಾಗಲೇ ಇದೆ ಎಂಬುದು. ಬೇರೆ ಆಂಟಿವೈರಸ್ ಹಾಕಿದರೆ ಅದು ತಾನಾಗಿ ಹಿಂದೆ ಸರಿಯುತ್ತದೆ. ಆ ಬೇರೆಯದನ್ನು ತೆಗೆದರೆ ಮತ್ತೆ ಮುಂದೆ ಬರುತ್ತದೆ. ಪರವಾನಗಿ ಮುಗಿಯುವ ಭಯವಿಲ್ಲ, ಜಾಹೀರಾತಿನ ಕಾಟವಿಲ್ಲ. ಆದರೆ ಅದರ ಒಳ್ಳೆಯ ಸೌಲಭ್ಯಗಳಲ್ಲಿ ಮುಖ್ಯವಾದ ಒಂದು ಮುಚ್ಚಿದ ಸ್ಥಿತಿಯಲ್ಲೇ ಬರುತ್ತದೆ. ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಆ ಸೌಲಭ್ಯ, ಗುರುತು ಸಿಗದ ಕಾರ್ಯಕ್ರಮಗಳು ನಿಗದಿತ ಫೋಲ್ಡರುಗಳೊಳಗಿನ ಕಡತಗಳನ್ನು ತಿದ್ದದಂತೆ ತಡೆಯುತ್ತದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಂವೇರ್ ವಿರುದ್ಧ ಇದು ನಿಜಕ್ಕೂ ಉಪಯುಕ್ತ. ಅದನ್ನು ಹಚ್ಚಿದರೂ ಅದು ತಾನಾಗಿ ಕಾಯುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೊದಲಾದ ವಿಂಡೋಸಿನ ಫೋಲ್ಡರುಗಳನ್ನು ಮಾತ್ರ. ಡಿ ಡ್ರೈವಿನಲ್ಲಿರುವ ಟ್ಯಾಲಿ ದತ್ತಾಂಶದ ಫೋಲ್ಡರನ್ನು ಪಟ್ಟಿಗೆ ಕೈಯಾರೆ ಸೇರಿಸಬೇಕು, ಮತ್ತು ಟ್ಯಾಲಿಯ ಕೆಲಸಕ್ಕೇ ಅಡ್ಡಿ ಬಂದರೆ ಟ್ಯಾಲಿಯನ್ನು ಅನುಮತಿ ಪಡೆದ ಕಾರ್ಯಕ್ರಮಗಳ ಸಾಲಿಗೆ ಸೇರಿಸಬೇಕು. ಇದರ ಜೊತೆಗೆ ಡಿಫೆಂಡರಿನ ಹೊಂದಾಣಿಕೆಗಳನ್ನು ಬೇರೆ ಕಾರ್ಯಕ್ರಮಗಳು ಬದಲಿಸದಂತೆ ಕಾಯುವ ಟ್ಯಾಂಪರ್ ಪ್ರೊಟೆಕ್ಷನ್ ಹಚ್ಚಿದೆಯೇ ಎಂದು ನೋಡಿಕೊಂಡು, ನೌಕರರ ಖಾತೆಗಳನ್ನು ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಧಾರಣ ಖಾತೆಗಳಾಗಿ ಮಾಡಿದರೆ, ಮೂರು ನಾಲ್ಕು ಕಂಪ್ಯೂಟರುಗಳ ಅಡತಿ ಅಂಗಡಿಗೆ ಡಿಫೆಂಡರ್ ಸಾಕು. ಅವರಿಗೆ ನಾನು ಬೇರೇನೂ ಕೊಳ್ಳಲು ಹೇಳುವುದಿಲ್ಲ.

ಡಿಫೆಂಡರಿಗೂ ಕನ್ಸೋಲ್ ಬೇಕೆಂದರೆ ಮೈಕ್ರೋಸಾಫ್ಟ್ 300 ಬಳಕೆದಾರರವರೆಗಿನ ಸಂಸ್ಥೆಗಳಿಗೆಂದು ಡಿಫೆಂಡರ್ ಫಾರ್ ಬಿಸಿನೆಸ್ ಎಂಬುದನ್ನು ಮಾರುತ್ತದೆ. ಒಬ್ಬ ಬಳಕೆದಾರರ ಲೆಕ್ಕದಲ್ಲಿ ಐದು ಸಾಧನಗಳವರೆಗೆ ಸೇರಿಸಬಹುದು; ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂ ಚಂದಾದಾರರಿಗೆ ಅದು ಒಳಗೇ ಬರುತ್ತದೆ. ವಸ್ತು ಒಳ್ಳೆಯದು. ಆದರೆ ಅದರ ನಿರ್ವಹಣಾ ಪುಟಗಳು ಕಂಪ್ಯೂಟರ್ ವಿಭಾಗವೇ ಇರುವ ಸಂಸ್ಥೆಗಳನ್ನು ಎದುರಿಗಿಟ್ಟುಕೊಂಡು ರಚಿತವಾದವು. ಸರ್ವರಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಕಚೇರಿಯ ಇಮೇಲ್ ಈಗಾಗಲೇ ಮೈಕ್ರೋಸಾಫ್ಟ್‌ನಲ್ಲಿ ಇಲ್ಲದವರಿಗೆ ಇದರ ಜೋಡಣೆಯೇ ಒಂದು ಯೋಜನೆಯಾಗುತ್ತದೆ. ತೋರಣಗಲ್ಲಿನ ಸುತ್ತ ದೊಡ್ಡ ಉಕ್ಕಿನ ಕಾರ್ಖಾನೆಗೆ ಗುತ್ತಿಗೆ ಕೆಲಸ ಮಾಡುವ, ಇಮೇಲಿನಲ್ಲೇ ದಿನ ಕಳೆಯುವ ಕಚೇರಿಗಳಿಗೆ ಇದು ಹೊಂದಬಹುದು. ಮಿಲ್ಲಿನವರಿಗೆ ಅಷ್ಟಾಗಿ ಅಲ್ಲ.

ಕ್ವಿಕ್ ಹೀಲ್ ನಮ್ಮ ಕಡೆ ಮನೆಮಾತಾದ ಹೆಸರು. ಪುಣೆಯ ಕೈಲಾಶ್ ಮತ್ತು ಸಂಜಯ್ ಕಾಟ್ಕರ್ ಸಹೋದರರು ಕಟ್ಟಿದ ಈ ಸಂಸ್ಥೆಯ ಬೇರು ಕ್ಯಾಲ್ಕುಲೇಟರ್ ರಿಪೇರಿಯ ಅಂಗಡಿಯಲ್ಲಿದೆ. ತಾಲೂಕು ಮಟ್ಟದ ಕಂಪ್ಯೂಟರ್ ಅಂಗಡಿಗಳಲ್ಲೂ ಅದರ ಡಬ್ಬಿ ಸಿಗುತ್ತದೆ. ಹಾಗೆ ಸಿಗುವುದರಲ್ಲಿ ಹೆಚ್ಚಿನದು ಮನೆಬಳಕೆಯ ಆವೃತ್ತಿ ಎಂಬುದನ್ನು ಮರೆಯಬಾರದು. ಬಿಡಿಬಿಡಿಯಾಗಿ ಕೊಂಡರೆ ಒಂದೊಂದು ಕಂಪ್ಯೂಟರಿಗೆ ಒಂದೊಂದು ಕೀಲಿ ಸಂಖ್ಯೆ, ಒಂದೊಂದಕ್ಕೂ ಬೇರೆ ಬೇರೆ ಮುಕ್ತಾಯದ ದಿನ. ಆರು ಕಂಪ್ಯೂಟರಿರುವ ಕಚೇರಿಯಲ್ಲಿ ಯಾವುದು ಯಾವಾಗ ಮುಗಿಯುತ್ತದೆ ಎಂಬುದನ್ನು ಲೆಕ್ಕ ಇಡುವುದೇ ಒಂದು ಕೆಲಸ. ಅದೇ ಸಂಸ್ಥೆಯ ಸೆಕ್ರೈಟ್ ಕಚೇರಿಗಳಿಗೆಂದೇ ರೂಪಿಸಿದ ವಸ್ತು. ಕನ್ಸೋಲನ್ನು ಕಚೇರಿಯ ಸರ್ವರಿನಲ್ಲೂ ಇಟ್ಟುಕೊಳ್ಳಬಹುದು, ಕ್ಲೌಡ್‌ನಲ್ಲೂ, ಅಂದರೆ ಅಂತರ್ಜಾಲದ ಮೂಲಕ ತೆರೆಯುವ ಕಂಪನಿಯ ಸರ್ವರಿನಲ್ಲೂ, ಇಟ್ಟುಕೊಳ್ಳಬಹುದು. ನಮ್ಮ ಕಡೆಗೆ ಕ್ಲೌಡ್ ವಾಸಿ. ಕಚೇರಿಯ ಸರ್ವರಿಗೇ ತೊಂದರೆಯಾದಾಗ ಕನ್ಸೋಲೂ ಅದರೊಂದಿಗೇ ಮುಳುಗಬಾರದು, ಮತ್ತು ಮಿಲ್ಲಿನಲ್ಲಿ ಇಲ್ಲದಾಗಲೂ ಮೊಬೈಲಿನಲ್ಲಿ ಸ್ಥಿತಿ ನೋಡುವಂತಿರಬೇಕು.

ಕೆ7 ಕ್ವಿಕ್ ಹೀಲ್‌ಗಿಂತ ಹಳೆಯದು. 1991ರಲ್ಲಿ ಶುರುವಾದ ಚೆನ್ನೈನ ಸಂಸ್ಥೆ. ಹಳೆಯ ಕಂಪ್ಯೂಟರುಗಳ ಮೇಲೆ ಹಗುರವಾಗಿ ಕೂರುತ್ತದೆ ಎಂಬ ಅದರ ಹೆಸರು ಸುಳ್ಳಲ್ಲ. ಪೆನ್‌ಡ್ರೈವ್ ನಿಯಂತ್ರಣ, ಕನ್ಸೋಲ್, ಪಾಸ್‌ವರ್ಡ್ ರಕ್ಷಣೆ ಎಂಡ್‌ಪಾಯಿಂಟ್ ಎಂಬ ಇದರ ವ್ಯಾಪಾರಿ ಆವೃತ್ತಿಯಲ್ಲೂ ಇವೆ. ನಮ್ಮ ಊರಿನಲ್ಲಿ ಕೇಳಿ ತರಿಸಿಕೊಳ್ಳಬೇಕಾಗುತ್ತದೆ ಎಂಬುದೊಂದೇ ವ್ಯತ್ಯಾಸ. ಹಗುರತನದ ಬಗ್ಗೆ ಒಂದು ಮಾತು ಸೇರಿಸುತ್ತೇನೆ: 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್‌ಡಿಸ್ಕ್ ಇರುವ ಕಂಪ್ಯೂಟರಿನ ಮೇಲೆ ಯಾವ ಆಂಟಿವೈರಸ್ ಹಾಕಿದರೂ ಅದು ಏದುಸಿರು ಬಿಡುತ್ತದೆ. ಅಂಥ ಕಡೆ ಹಾರ್ಡ್‌ಡಿಸ್ಕ್ ತೆಗೆದು, ತಿರುಗುವ ಭಾಗವಿಲ್ಲದ ವೇಗದ ಡಿಸ್ಕಾದ ಒಂದು ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ಲಾಭ, ಆಂಟಿವೈರಸ್ ಬದಲಿಸುವುದರಿಂದ ಸಿಗುವುದಿಲ್ಲ.

ವಿದೇಶಿ ಹೆಸರುಗಳನ್ನು ಬೇಗ ಮುಗಿಸುತ್ತೇನೆ. ರಷ್ಯಾ ಮೂಲದ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನು ಅಮೆರಿಕ 2024ರಲ್ಲಿ ತನ್ನ ನೆಲದಲ್ಲಿ ನಿಷೇಧಿಸಿತು. ಆ ಆದೇಶ ನಮಗೆ ಅನ್ವಯಿಸುವುದಿಲ್ಲ; ಅಮೆರಿಕದ ಖರೀದಿದಾರರೊಂದಿಗೆ ವ್ಯವಹಾರ ಇರುವವರು ಮಾತ್ರ ಅವರನ್ನು ಒಂದು ಮಾತು ಕೇಳುವುದು ಕ್ಷೇಮ. ಕ್ರೌಡ್‌ಸ್ಟ್ರೈಕ್‌ನಂಥ ಭಾರಿ ಸಂಸ್ಥೆಗಳ ವಸ್ತು ನಮ್ಮ ಅಳತೆಯದಲ್ಲ. 2024ರ ಜುಲೈ 19ರಂದು ಅದರದೇ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಾಗಿ ನಿಂತು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಗಿ ಬಂದಿತ್ತು. ಆಂಟಿವೈರಸ್ ವಿಂಡೋಸಿನ ಅತಿ ಒಳಗಿನ ಪದರದಲ್ಲಿ ಕೂತು ಕೆಲಸ ಮಾಡುವ ವಸ್ತು; ಎರಡೆರಡು ಆಂಟಿವೈರಸ್ ಹಾಕಿದರೆ ಹೆಚ್ಚು ಭದ್ರ ಎಂದು ನಂಬುವವರಿಗೆ ಈ ಪ್ರಸಂಗವನ್ನು ಹೇಳಬೇಕು.

ಲೈಸೆನ್ಸ್ ವಿಚಾರಕ್ಕೆ ಬಂದರೆ ನನಗೊಂದು ದೂರು ಇದೆ. ಹಿಂದೆ ನಮಗೆ ಆಂಟಿವೈರಸ್ ಕೊಟ್ಟ ಅಂಗಡಿಯವರು ನೋಂದಣಿಯನ್ನು ತಮ್ಮದೇ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯ ಮೇಲೆ ಮಾಡಿದ್ದರು. ಅವಧಿ ಮುಗಿಯುತ್ತದೆ ಎಂಬ ಸಂದೇಶಗಳೆಲ್ಲ ಅವರಿಗೆ ಹೋದವು, ಅವರು ನೋಡಲಿಲ್ಲ. ಹತ್ತಿಯ ಆವಕ ಜೋರಾಗಿದ್ದ ದಿನಗಳಲ್ಲಿ ನಮ್ಮ ಕಂಪ್ಯೂಟರುಗಳು ಹೊಸ ಅಪ್‌ಡೇಟ್ ಇಲ್ಲದೆ ನಡೆದವು. ಅಂಗಡಿ ಬದಲಿಸಲು ಹೋದಾಗ ಕೀಲಿ ಸಂಖ್ಯೆ ಅವರ ಖಾತೆಯಲ್ಲಿ ಸಿಕ್ಕಿಕೊಂಡದ್ದರಿಂದ ಇನ್ನಷ್ಟು ಓಡಾಟವಾಯಿತು. ಆದ್ದರಿಂದ ನೋಂದಣಿ ಸಂಸ್ಥೆಯ ಇಮೇಲಿನಲ್ಲೇ ಆಗಬೇಕು, ಅದೂ ಒಬ್ಬ ನೌಕರರ ಸ್ವಂತ ಇಮೇಲಿನಲ್ಲಿ ಅಲ್ಲ. ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇರಲಿ. ತಂತ್ರಾಂಶಕ್ಕೆ ಹಾಕುವ ಶೇ. 18 ತೆರಿಗೆಯನ್ನು ನೋಂದಾಯಿತ ವ್ಯಾಪಾರಿಗಳು ಇನ್‌ಪುಟ್ ಆಗಿ ಹಿಂಪಡೆಯಬಹುದು, ಬಿಲ್ ಇಲ್ಲದ ಅಗ್ಗದ ಕೀಲಿಯಲ್ಲಿ ಅದು ಸಾಧ್ಯವಿಲ್ಲ. ಮೂರು ವರ್ಷದ ಲೈಸೆನ್ಸ್ ವರ್ಷದ ಲೆಕ್ಕದಲ್ಲಿ ಅಗ್ಗ ಬೀಳುತ್ತದೆ; ಕಂಪ್ಯೂಟರ್ ಕೆಟ್ಟು ಹೊಸದು ಬಂದರೆ ಅದೇ ಲೈಸೆನ್ಸನ್ನು ಅದಕ್ಕೆ ವರ್ಗಾಯಿಸಬಹುದೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ವಿಂಡೋಸ್ ಸರ್ವರ್ ಇದ್ದವರು ಅದರ ಹೆಸರನ್ನು ದರಪಟ್ಟಿಯಲ್ಲಿ ಬೇರೆಯಾಗಿ ಕಾಣಿಸುವಂತೆ ಹೇಳಬೇಕು, ಏಕೆಂದರೆ ಮನೆಬಳಕೆಯ ಆವೃತ್ತಿಗಳು ಸಾಮಾನ್ಯವಾಗಿ ಸರ್ವರ್ ಮೇಲೆ ಕೂರುವುದೇ ಇಲ್ಲ.

ಹಾಕಿದ ಮೇಲಿನ ಹೊಂದಾಣಿಕೆಗಳಲ್ಲಿ ಎರಡು ಕಡೆ ಅಂಗಡಿಯವರ ಅಭ್ಯಾಸ ಹಾನಿ ಮಾಡುತ್ತದೆ. ಟ್ಯಾಲಿ ನಿಧಾನವಾಯಿತು ಎಂದು ಫೋನ್ ಮಾಡಿದರೆ ಅವರು ಇಡೀ ಡಿ ಡ್ರೈವನ್ನೇ ತಪಾಸಣೆಯಿಂದ ಹೊರಗಿಟ್ಟು ಹೋಗುತ್ತಾರೆ. ಟ್ಯಾಲಿ ವೇಗ ಪಡೆಯುತ್ತದೆ ನಿಜ, ಆದರೆ ಆ ಡ್ರೈವಿನಲ್ಲಿ ಬಂದು ಕೂತ ಯಾವ ಕಳ್ಳನನ್ನೂ ಇನ್ನು ಯಾರೂ ಕೇಳುವುದಿಲ್ಲ. ಹೊರಗಿಡಲೇಬೇಕಾದರೆ ಟ್ಯಾಲಿಯ ದತ್ತಾಂಶದ ಫೋಲ್ಡರ್ ಒಂದನ್ನೇ ಹೊರಗಿಡಬೇಕು. ಎರಡನೆಯದು ಪೂರ್ಣ ತಪಾಸಣೆಯ ಸಮಯ. ರಾತ್ರಿ ಎರಡು ಗಂಟೆಗೆ ಎಂದು ಇಟ್ಟುಹೋಗುತ್ತಾರೆ. ನಮ್ಮ ಕಚೇರಿಗಳಲ್ಲಿ ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸಿಯೇ ಹೋಗುವ ರೂಢಿ. ತಪ್ಪಿದ ತಪಾಸಣೆ ಮರುದಿನ ಕಂಪ್ಯೂಟರ್ ಹಚ್ಚಿದ ಕೂಡಲೇ, ಅಂದರೆ ಕಾಟಾದ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿದ ಹೊತ್ತಿಗೇ ಶುರುವಾಗುತ್ತದೆ. ನಾವು ಅದನ್ನು ವಾರಕ್ಕೊಮ್ಮೆ ಊಟದ ವೇಳೆಗೆ ಬದಲಿಸಿದೆವು. ಇನ್ನು ಟೆಂಡರ್ ಮತ್ತು ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್ (ಪೆನ್‌ಡ್ರೈವಿನಂಥ ಸಾಧನ) ಕೆಲಸ ಮಾಡದಿದ್ದರೆ ಆಂಟಿವೈರಸ್ಸನ್ನು ಪೂರ್ತಿ ಆರಿಸಬೇಕಿಲ್ಲ. ಸುರಕ್ಷಿತ ಸಂಪರ್ಕಗಳ ಒಳಗೂ ಇಣುಕಿ ನೋಡುವ ಒಂದು ಆಯ್ಕೆ ಬಹುತೇಕ ಎಲ್ಲದರಲ್ಲೂ ಇರುತ್ತದೆ, ಆ ಜಾಲತಾಣಕ್ಕೆ ಮಾತ್ರ ಅದರಿಂದ ವಿನಾಯಿತಿ ಕೊಟ್ಟರೆ ಸಾಕಾಗುತ್ತದೆ.

ಯಾವ ಆಂಟಿವೈರಸ್ಸಿಗೂ ನೀಗದ ಒಂದು ಅಪಾಯವನ್ನು ಇಲ್ಲಿ ಹೇಳದಿದ್ದರೆ ಓದುಗರಿಗೆ ತಪ್ಪು ಭರವಸೆ ಕೊಟ್ಟಂತಾಗುತ್ತದೆ. ಲೆಕ್ಕಪರಿಶೋಧಕರು ತಮ್ಮ ಕಚೇರಿಯಿಂದಲೇ ಮಿಲ್ಲಿನ ಟ್ಯಾಲಿ ನೋಡಲೆಂದು ದೂರದಿಂದಲೇ ಸರ್ವರನ್ನು ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯದ ಬಾಗಿಲನ್ನು, ಅಂದರೆ 3389ನೇ ಪೋರ್ಟನ್ನು, ರೂಟರಿನಲ್ಲಿ ಹೊರಜಗತ್ತಿಗೆ ತೆರೆದಿಟ್ಟಿರುವ ಕಚೇರಿಗಳು ಅನೇಕ. ಆ ಬಾಗಿಲಿನ ಪಾಸ್‌ವರ್ಡನ್ನು ಯಂತ್ರಗಳು ಹಗಲೂ ರಾತ್ರಿ ಊಹಿಸುತ್ತಲೇ ಇರುತ್ತವೆ. ಒಮ್ಮೆ ಸಿಕ್ಕಿತೆಂದರೆ ಒಳಗೆ ಬಂದವರು ವೈರಸ್ಸಿನಂತೆ ವರ್ತಿಸುವುದಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆಗಿ, ಮೊದಲು ಆಂಟಿವೈರಸ್ ತೆಗೆದು, ಆಮೇಲೆ ಬೀಗ ಜಡಿಯುತ್ತಾರೆ. ಆಂಟಿವೈರಸ್ ತೆಗೆಯಲು ಬೇರೆಯದೇ ಪಾಸ್‌ವರ್ಡ್ ಇದ್ದರೆ ಅಲ್ಲಿ ಸ್ವಲ್ಪ ತಡೆ ಸಿಗುತ್ತದೆ, ಪೂರ್ತಿ ಅಲ್ಲ. ಆ ಪೋರ್ಟ್ ಮುಚ್ಚಿಸಿ, ಗುಪ್ತ ಖಾಸಗಿ ಸಂಪರ್ಕವಾದ ವಿಪಿಎನ್ ಮೂಲಕ ಮಾತ್ರ ಪ್ರವೇಶ ಕೊಡಬೇಕು. 2017ರ ಮೇ ತಿಂಗಳಲ್ಲಿ ಹರಡಿದ ವಾನ್ನಾಕ್ರೈ ಎಂಬ ರ‍್ಯಾನ್ಸಂವೇರ್ ಕೂಡ ಹೆಚ್ಚಾಗಿ ಹೊಡೆದದ್ದು, ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ಕೊಟ್ಟಿದ್ದ ತಿದ್ದುಪಡಿಯನ್ನು ಹಾಕಿಕೊಳ್ಳದೆ ಬಿಟ್ಟಿದ್ದ ಕಂಪ್ಯೂಟರುಗಳನ್ನು. ಬ್ಯಾಕಪ್ಪಿನ ಹಾರ್ಡ್‌ಡಿಸ್ಕನ್ನು ಸದಾ ಸರ್ವರಿಗೇ ಸಿಕ್ಕಿಸಿಟ್ಟರೆ ಅದಕ್ಕೂ ಅದೇ ಬೀಗ ಬೀಳುತ್ತದೆ. ಕೆಲಸ ಮುಗಿದ ಮೇಲೆ ಕಿತ್ತು ತಿಜೋರಿಯಲ್ಲಿಡಬೇಕು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಇಂಥ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನವೂ ಇದೆ.

ಇಷ್ಟನ್ನೂ ತೂಗಿ ನೋಡಿ ನಮ್ಮ ಮಿಲ್ಲಿಗೆ ನಾನು ಸೂಚಿಸಿದ್ದು ಸೆಕ್ರೈಟ್‌ನ ಕ್ಲೌಡ್ ಆವೃತ್ತಿಯನ್ನು. ಕೆ7 ತೆಗೆದುಕೊಂಡಿದ್ದರೂ ನಷ್ಟವಾಗುತ್ತಿರಲಿಲ್ಲ. ಪಕ್ಕದ ರಸ್ತೆಯಲ್ಲಿ ಕನ್ನಡದಲ್ಲಿ ಮಾತಾಡುವ, ಕರೆದರೆ ಬರುವ ಡೀಲರ್ ಇರುವುದು ತಕ್ಕಡಿಯನ್ನು ವಾಲಿಸಿತು. ನಿಮ್ಮ ಊರಿನಲ್ಲಿ ಅಂಥವರು ಕೆ7ಗೆ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಹಾಕಿಸಿದ ದಿನವೇ ಡೀಲರ್ ಎದುರಿಗೆ ಒಂದು ಪರೀಕ್ಷೆ ಮಾಡಿಸಬೇಕು. ಐಕಾರ್ ಎಂಬ 68 ಅಕ್ಷರಗಳ ಒಂದು ಸಾಲು ಇದೆ. ಅದು ವೈರಸ್ ಅಲ್ಲ, ಯಾವ ಹಾನಿಯನ್ನೂ ಮಾಡದು, ಆದರೆ ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಹಿಡಿಯಬೇಕೆಂದು ಆ ಕ್ಷೇತ್ರದವರೇ ಒಪ್ಪಿಕೊಂಡಿದ್ದಾರೆ. ಅದನ್ನು ನೋಟ್‌ಪ್ಯಾಡಿನಲ್ಲಿ ಹಾಕಿ ಪೆನ್‌ಡ್ರೈವಿನಲ್ಲಿ ಉಳಿಸಿ ಗುಮಾಸ್ತರ ಕಂಪ್ಯೂಟರಿಗೆ ಸಿಕ್ಕಿಸಬೇಕು. ಅಲ್ಲಿ ಎಚ್ಚರಿಕೆ ಕಾಣುವುದು ಸಹಜ. ನೋಡಬೇಕಾದದ್ದು ಹೊಣೆ ಹೊತ್ತವರ ಇಮೇಲಿಗೆ ಸಂದೇಶ ಬಂತೇ, ಎಷ್ಟು ಹೊತ್ತಿಗೆ ಬಂತು, ಅದರಲ್ಲಿ ಯಾವ ಕಂಪ್ಯೂಟರ್ ಎಂಬುದು ತಿಳಿಯುವಂತಿದೆಯೇ ಎಂಬುದನ್ನು. ಕಂಪ್ಯೂಟರುಗಳಿಗೆ ಡೆಸ್ಕ್‌ಟಾಪ್ ಎಂಬ ಪದದ ಮುಂದೆ ಅರ್ಥವಿಲ್ಲದ ಅಕ್ಷರಗಳಿರುವ ಹೆಸರೇ ಇದ್ದರೆ ಯಾವುದು ಗೇಟಿನದು, ಯಾವುದು ಕ್ಯಾಷಿನದು ಎಂದು ಗೊತ್ತಾಗುವುದಿಲ್ಲ. ಮೊದಲೇ ಹೆಸರು ಬದಲಿಸಿಟ್ಟರೆ ಒಳ್ಳೆಯದು.

ಕಾಟಾದ ಕಂಪ್ಯೂಟರಿನ ಪ್ರಶ್ನೆ ಉಳಿಯಿತು. ಬಹುತೇಕ ಮಿಲ್ಲುಗಳಲ್ಲಿ ಅದು ಹಳೆಯ ವಿಂಡೋಸ್‌ನಲ್ಲೇ ಇರುತ್ತದೆ, ಏಕೆಂದರೆ ತೂಕದ ಇಂಡಿಕೇಟರಿನಿಂದ ಸೀರಿಯಲ್ ಕೇಬಲ್ ಮೂಲಕ ಅಂಕಿ ಓದುವ ತಂತ್ರಾಂಶ ಹೊಸದರಲ್ಲಿ ಓಡುವುದಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ನಿಂತು, ಹಣ ಕೊಟ್ಟೋ ನೋಂದಣಿ ಮಾಡಿಸಿಯೋ ಪಡೆಯುವ ಹೆಚ್ಚುವರಿ ಅವಧಿ ಮಾತ್ರ ಉಳಿದಿದೆ. ಗಂಜಿನ ಹಳೆಯ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಹೊಸ ಪ್ರೊಸೆಸರ್ ಷರತ್ತನ್ನು ದಾಟುವುದಿಲ್ಲ. ಇಂಥ ಯಂತ್ರದ ಮೇಲೆ ದುಬಾರಿ ಆಂಟಿವೈರಸ್ ಹಾಕುವುದು ವ್ಯರ್ಥ ಎಂದು ನನ್ನ ಅಭಿಪ್ರಾಯ. ನಾವು ಅದರ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ, ಅಲ್ಲಿಗೆಂದೇ ಕೆಂಪು ದಾರ ಕಟ್ಟಿದ ಒಂದು ಪೆನ್‌ಡ್ರೈವ್ ಮೀಸಲಿಟ್ಟಿದ್ದೇವೆ. ದಿನದ ತೂಕದ ಪಟ್ಟಿ ಅದರಲ್ಲೇ ಕಚೇರಿಗೆ ಬರುತ್ತದೆ, ಕಚೇರಿಯ ಕಂಪ್ಯೂಟರಿನಲ್ಲಿ ತಪಾಸಣೆಯಾದ ಮೇಲೆಯೇ ತೆರೆಯುತ್ತದೆ, ಮತ್ತು ಅದನ್ನು ಪ್ರಿಂಟ್ ತೆಗೆಸಲು ಹೊರಗೆ ಒಯ್ಯುವಂತಿಲ್ಲ ಎಂದು ಕಾಟಾದ ಕಿಟಕಿಯ ಪಕ್ಕದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿದ್ದೇವೆ.